ಕುಬುಸ ಮುಗಿದ ಮೇಲಿನ ಸಹಿ

ಮೊದಲ ಬಾರಿ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿದಾಗ ನನ್ನ ಹೆಸರಿನ ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಬರ್ತ್ ಡೌಲಾ’ ಎಂದು ಬರೆಸಿದ್ದೆ. ದಾವಣಗೆರೆಯ ಮಂಡಿಪೇಟೆಯ ಪ್ರೆಸ್ಸಿನ ಹಿರಿಯರು ಕರಡು ತೋರಿಸುವಾಗ ಕನ್ನಡಕವನ್ನು ಹಣೆಗೇರಿಸಿ, ‘ಇದು ಡೌಲು ಅಂತ ಇರಬೇಕಾಗಿತ್ತೇನ್ರೀ ಮೇಡಂ, ತಿದ್ದಲಾ?’ ಎಂದು ಕೇಳಿದರು. ನಾನು ನಕ್ಕು, ಇದ್ದದ್ದು ಇದ್ದಂತೆಯೇ ಐನೂರು ಕಾರ್ಡು ಮಾಡಿಸಿಕೊಂಡು ಬಂದೆ. ಅವರ ಮಾತನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬಾರದಿತ್ತು. ಕಾರ್ಡನ್ನು ಕೈಗೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಮೊದಲು ಆ ಪದವನ್ನು ತಪ್ಪಾಗಿ ಓದುತ್ತಿದ್ದರು, ಆಮೇಲೆ ಡೌಲಿನ ಹೆಂಗಸೇ ಇರಬೇಕೆಂಬಂತೆ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡುತ್ತಿದ್ದರು, ಕೊನೆಗೆ ‘ಅಂದ್ರ ಸೂಲಗಿತ್ತಿನಾ?’ ಎನ್ನುತ್ತಿದ್ದರು.

ಸೂಲಗಿತ್ತಿ ಎಂದು ಕರೆಸಿಕೊಳ್ಳುವುದು ನನಗೇನೂ ಅವಮಾನವಲ್ಲ. ಚಳ್ಳಕೆರೆಯ ಗಡಿ ದಾಟಿದರೆ ಸಿಗುವ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಈ ಭಾಗದ ಅಜ್ಜಿಯರಿಗೆಲ್ಲ ಗೊತ್ತು. ಆ ಹೆಸರು ಬಂದಾಗ ಅವರ ಧ್ವನಿಯೇ ಬದಲಾಗುತ್ತದೆ. ಆದರೆ ಸೂಲಗಿತ್ತಿ ಮಗುವನ್ನು ಹೆರಿಗೆ ಮಾಡಿಸುವವಳು, ನಾನು ಮಾಡಿಸುವವಳಲ್ಲ. ನೋವು ಗಟ್ಟಿಯಾದಾಗಿನಿಂದ ಮಗು ಎದೆಗೆ ಬಾಯಿ ಹಚ್ಚುವವರೆಗೆ ಹೆರುವವಳ ಪಕ್ಕ ಬಿಡದೆ ಇರುವುದು, ಸೊಂಟ ಒತ್ತುವುದು, ಮಗ್ಗುಲು ಬದಲಿಸಲು, ಎದ್ದು ಓಡಾಡಲು ನೆರವಾಗುವುದು, ಗುಟುಕು ನೀರು ಕುಡಿಸುವುದು, ವೈದ್ಯರು ಹೇಳಿದ್ದು ಅವಳಿಗೆ ಅರ್ಥವಾಗದಿದ್ದರೆ ಅವರನ್ನೇ ಮತ್ತೊಮ್ಮೆ ಕೇಳುವಂತೆ ಧೈರ್ಯ ಕೊಡುವುದು, ಇಷ್ಟೇ ನನ್ನ ಕೆಲಸ. ಬಿ.ಪಿ. ನೋಡುವುದಿಲ್ಲ, ಮಗುವಿನ ಎದೆಬಡಿತ ಕೇಳುವುದಿಲ್ಲ, ಒಳಪರೀಕ್ಷೆಯಂತೂ ಇಲ್ಲವೇ ಇಲ್ಲ. ಡೌಲಾ ಎಂಬುದು ಸೇವಕಿ ಎಂಬರ್ಥದ ಗ್ರೀಕ್ ಪದ. 1973ರಲ್ಲಿ ಡಾನಾ ರಫಾಯೆಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ, ಬಾಣಂತಿಗೆ ಆಸರೆಯಾಗುವ ಹೆಂಗಸಿಗೆ ಈ ಪದವನ್ನು ಬಳಸಿದ ಮೇಲೆ ಅದು ಚಾಲ್ತಿಗೆ ಬಂತು. ಇದನ್ನೆಲ್ಲ ಗೇಟಿನ ಬಳಿ ನಿಂತು ವಿವರಿಸುವಷ್ಟರಲ್ಲಿ ಮನೆಯವರ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಎರಡನೆಯ ಕಂತಿನ ಕಾರ್ಡಿನಲ್ಲಿ ‘ಹೆರಿಗೆ ಜೊತೆಗಾರ್ತಿ’ ಎಂದಷ್ಟೇ ಬರೆಸಿದೆ.

ಹನ್ನೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿ, 2021ರ ಕೊನೆಗೆ ಆನ್‌ಲೈನ್ ತರಬೇತಿ ಮುಗಿಸಿ, ತರಬೇತಿಯ ನಿಯಮದಂತೆ ಮೂರು ಹೆರಿಗೆಗಳಿಗೆ ಹಣವಿಲ್ಲದೆ ಜೊತೆಯಾದೆ. ಮೂರೂ ನಮ್ಮ ನೆಂಟರಿಷ್ಟರವೇ. ನಾಲ್ಕನೆಯದನ್ನು ಎಲ್ಲಿಂದ ತರುವುದು ಎಂಬುದು ಆ ತರಬೇತಿಯಲ್ಲಿ ಇರಲಿಲ್ಲ. ಇದ್ದದ್ದು ದಾವಣಗೆರೆಗೆ ಹೊಂದುವಂಥದ್ದಲ್ಲ. ಭಾನುವಾರದ ಪತ್ರಿಕೆಯೊಳಗೆ ಎರಡು ಸಾವಿರ ಕರಪತ್ರ ಇಡಿಸಿದೆ. ಮೂರು ಫೋನು ಬಂದವು. ಒಬ್ಬರಿಗೆ ಲಕ್ವ ಹೊಡೆದ ಮಾವನನ್ನು ನೋಡಿಕೊಳ್ಳುವ ಹೋಂ ನರ್ಸ್ ಬೇಕಾಗಿತ್ತು, ಇನ್ನೊಬ್ಬರಿಗೆ ಬಾಣಂತಿಯ ಬಟ್ಟೆ ಒಗೆಯುವವರು ಬೇಕಾಗಿತ್ತು, ಮೂರನೆಯವರು ಮಕ್ಕಳಾಗದವರಿಗೆ ಔಷಧ ಕೊಡುತ್ತೀರಾ ಎಂದು ಕೇಳಿದರು. ಮೆಡಿಕಲ್ ಶಾಪುಗಳ ಗಾಜಿಗೆ ಅಂಟಿಸಿದ ಚೀಟಿಗಳ ಮೇಲೆ ವಾರದೊಳಗೆ ಟ್ಯೂಷನ್ ಚೀಟಿಗಳು ಬಂದು ಕೂತವು.

ನಿಜವಾದ ಮೊದಲ ವಿಚಾರಣೆ ಬಂದದ್ದು ಬೆಂಗಳೂರಿನಿಂದ, ವಾಟ್ಸಾಪಿನಲ್ಲಿ. ದಾವಣಗೆರೆಯ ಹುಡುಗಿ, ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ, ಚೊಚ್ಚಲ ಬಸಿರು, ಕುಬುಸ, ಅಂದರೆ ಸೀಮಂತ, ಮುಗಿಸಿಕೊಂಡು ತವರಿಗೆ ಬರುತ್ತಾಳೆ, ಡೌಲಾ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ಎರಡು ವಾರ ದಿನಾ ಮಾತನಾಡಿದೆವು. ದುಡ್ಡಿನ ಮಾತೂ ಮುಗಿಯಿತು. ಅವಳು ಊರಿಗೆ ಬಂದ ಮರುದಿನ ನಾನು ಅವರ ಮನೆಗೆ ಹೋದೆ. ಅವಳ ತಾಯಿ ನನಗೆ ಕಾಫಿ ಕೊಟ್ಟು, ಎದುರಿಗೆ ಕೂತು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ ತಣ್ಣಗೆ ಒಂದು ಮಾತು ಕೇಳಿದರು: ‘ಹೆತ್ತಾಕಿ ನಾನಿರುವಾಗ ಹೊರಗಿನವರು ಯಾಕವಾ?’ ನನ್ನ ಬಳಿ ಉತ್ತರವಿರಲಿಲ್ಲ. ಇತ್ತು, ಆದರೆ ಅದು ಆ ಮಗಳಿಗೆ ಹೇಳುವಂಥ ಉತ್ತರವಾಗಿತ್ತೇ ಹೊರತು ಆ ತಾಯಿಗೆ ಹೇಳುವಂಥದ್ದಾಗಿರಲಿಲ್ಲ. ಸಂಜೆ ಹುಡುಗಿಯಿಂದ ‘ಸಾರಿ ಅಕ್ಕ, ಅಮ್ಮ ಒಪ್ತಿಲ್ಲ’ ಎಂಬ ಸಂದೇಶ ಬಂತು.

ನಮ್ಮಲ್ಲಿ ಮೊದಲ ಹೆರಿಗೆ ತವರಿನದು. ಖರ್ಚು ತವರಿನದು, ಆಸ್ಪತ್ರೆಯ ಆಯ್ಕೆ ತವರಿನದು, ಹೆಸರು ಕೆಟ್ಟರೆ ಕೆಡುವುದೂ ತವರಿನದೇ. ಮಗಳು ಎಷ್ಟೇ ಓದಿರಲಿ, ಎಷ್ಟೇ ಸಂಬಳ ತರಲಿ, ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಟ್ಟು ಆ ಹೊಸ್ತಿಲು ದಾಟಿದ ಮೇಲೆ ಅವಳ ಹೊಣೆ ತಾಯಿಯ ಹೆಗಲಿಗೆ ಬೀಳುತ್ತದೆ. ಹಾಗಿರುವಾಗ ಹಣ ಪಡೆದು ಹೆರಿಗೆ ಕೋಣೆಗೆ ಬರುವ ನಾನು, ಆ ತಾಯಿಯ ಕಣ್ಣಿಗೆ ಅವಳ ಜಾಗಕ್ಕೆ ಬಂದವಳಂತೆ ಕಂಡರೆ ಆಶ್ಚರ್ಯವೇನು? ಮಗಳನ್ನು ಒಪ್ಪಿಸಿದರೆ ಗಿರಾಕಿ ಸಿಕ್ಕಂತೆ ಎಂದು ತಿಳಿದಿದ್ದ ನನಗೆ, ಒಪ್ಪಿಸಬೇಕಾದದ್ದು ಯಾರನ್ನು ಎಂಬುದೇ ಗೊತ್ತಿರಲಿಲ್ಲ.

ಇನ್ನೊಂದು ತೊಡಕು ಕಾಲದ್ದು. ನಾಲ್ಕನೆಯ ಅಥವಾ ಐದನೆಯ ತಿಂಗಳಲ್ಲೇ ಒಪ್ಪಂದ ಮಾಡಿಕೊಳ್ಳಿ ಎಂದು ನಮಗೆ ಹೇಳಿಕೊಟ್ಟಿದ್ದರು. ಕುಬುಸಕ್ಕೆ ಮುಂಚೆ ಬಸಿರಿನ ವಿಷಯವನ್ನೇ ಮೆಲ್ಲಗೆ ಮಾತನಾಡುವ, ದೃಷ್ಟಿಗೆ ಹೆದರಿ ಹುಟ್ಟುವ ಮಗುವಿಗೆ ಒಂದು ಅಂಗಿಯನ್ನೂ ಕೊಳ್ಳದ ಮನೆಗಳಲ್ಲಿ ಹೆರಿಗೆಗೆ ಮುಂಗಡ ಕೊಡುವುದೆಂದರೆ ಅಪಶಕುನ. ಕುಬುಸ ಮುಗಿಯಬೇಕು, ಅಮಾವಾಸ್ಯೆ ಇರಬಾರದು. ಆಷಾಢವಾದರೆ ಇನ್ನಷ್ಟು ಕಾಯಬೇಕು. ಹೀಗೆ ಕಳೆದು ಕೂಡಿದರೆ ನನಗೆ ಉಳಿಯುವುದು ಏಳೆಂಟು ವಾರ. ಅಷ್ಟರಲ್ಲಿ ಪರಿಚಯ, ಒಪ್ಪಿಗೆ, ಆಸ್ಪತ್ರೆಯ ಅನುಮತಿ, ಎರಡು ಮೂರು ಭೇಟಿ ಎಲ್ಲವೂ ಮುಗಿಯಬೇಕು.

ದಾರಿ ತೋರಿಸಿದ್ದು ಕೆ.ಟಿ.ಜೆ. ನಗರದಲ್ಲಿರುವ ಒಬ್ಬ ಅಜ್ಜಿ. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕುವುದು ಅವರ ಕೆಲಸ. ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೊಂದರೊಳಗೆ ನಾಲ್ಕು ಮನೆ ಮುಗಿಸುತ್ತಾರೆ. ನಾನು ಅವರನ್ನು ಕಾಣಲು ಹೋದಾಗ, ಅವರ ಕೆಲಸಕ್ಕೆ ಕೈ ಹಾಕಲು ಬಂದವಳೆಂದು ತಿಳಿದು ಮುಖ ಕೊಟ್ಟು ಮಾತನಾಡಲಿಲ್ಲ. ನಿಮ್ಮ ಜೊತೆ ಒಂದು ವಾರ ಬರುತ್ತೇನೆ, ನೀರು ತೋಡಿ ಕೊಡುತ್ತೇನೆ ಎಂದು ಕೇಳಿಕೊಂಡೆ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಮೊಳಕಾಲಿನ ಕೆಳಗೆ ಕೂಸನ್ನು ಬೋರಲು ಮಲಗಿಸಿಕೊಂಡು, ಅದರ ಬೆನ್ನಿನ ಮೇಲೆ ಕಡಲೆಹಿಟ್ಟು ಉಜ್ಜುತ್ತ, ಬಾಗಿಲಾಚೆ ನಿಂತ ಬಾಣಂತಿಯ ಕಷ್ಟ ಸುಖವನ್ನೆಲ್ಲ ಅವರು ಕೇಳಿ ತಿಳಿಯುತ್ತಿದ್ದರು. ಯಾವ ಹುಡುಗಿ ಲೇಬರ್ ವಾರ್ಡಿನಲ್ಲಿ ಒಬ್ಬಳೇ ಅತ್ತಳು, ಯಾರಿಗೆ ಬೈದರು, ಯಾರಿಗೆ ಹೇಳದೆ ಕೇಳದೆ ಆಪರೇಷನ್ ಆಯಿತು, ಯಾವ ಮನೆಯಲ್ಲಿ ಮುಂದಿನ ಮಗಳಿಗೆ ದಿನ ತುಂಬುತ್ತಿವೆ ಎಂಬುದೆಲ್ಲ ಆ ಬಚ್ಚಲಲ್ಲಿ ದಾಖಲಾಗುತ್ತಿತ್ತು. ಕೂಸಿನ ಮೂಗಿಗೆ ಎಣ್ಣೆ ಬಿಡುವುದು ಅಪಾಯವೆಂದು ನನಗೆ ಗೊತ್ತಿತ್ತು. ಎರಡು ದಿನ ನಾಲಗೆ ಕಚ್ಚಿಕೊಂಡೆ, ಮೂರನೆಯ ದಿನ ಹೊರಗೆ ಬಂದ ಮೇಲೆ ಹೇಳಿದೆ. ಅವರು ಉತ್ತರಿಸಲಿಲ್ಲ, ಆದರೆ ನಾನಿದ್ದಷ್ಟು ದಿನ ಮತ್ತೆ ಬಿಡಲಿಲ್ಲ. ಹದಿನೈದು ದಿನವಾದ ಮೇಲೆ ಅವರೇ ಫೋನು ಮಾಡಿ, ‘ಒಂದು ಮನಿ ಐತಿ, ಬಾ. ಆ ಉದ್ದನೆ ಮಾತು ಆಡಬ್ಯಾಡ’ ಎಂದರು. ನನಗೆ ಹಣ ಕೊಟ್ಟ ಮೊದಲ ಮನೆ ಅದು, 5,000 ರೂಪಾಯಿ.

ಉದ್ದನೆಯ ಮಾತು ಬಿಟ್ಟ ಮೇಲೆ ನನ್ನ ಮೊದಲ ಭೇಟಿಯ ಸ್ವರೂಪವೇ ಬದಲಾಯಿತು. ಪ್ರಮಾಣಪತ್ರದ ಫೈಲನ್ನು ಚೀಲದಿಂದ ಹೊರತೆಗೆಯುವುದಿಲ್ಲ. ಕೂತ ಸ್ವಲ್ಪ ಹೊತ್ತಿಗೆ ತಾಯಿಯ ಕಡೆ ತಿರುಗಿ, ‘ನಿಮ್ಮ ಹೆರಿಗೆ ಎಲ್ಲಾತ್ರಿ ಅಮ್ಮ?’ ಎಂದು ಕೇಳುತ್ತೇನೆ. ಆ ಒಂದು ಪ್ರಶ್ನೆಗೆ ಇಪ್ಪತ್ತು ನಿಮಿಷವಾದರೂ ಬೇಕು. ಹೊನ್ನಾಳಿಯ ಕಡೆಯ ಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಎತ್ತಿನಗಾಡಿಯಲ್ಲಿ ಆಸ್ಪತ್ರೆಗೆ ಬಂದದ್ದು, ಸರ್ಕಾರಿ ಆಸ್ಪತ್ರೆಯ ಕಬ್ಬಿಣದ ಮಂಚದ ಸರಳು ಹಿಡಿದು ಬೆಳಗಿನವರೆಗೆ ಮಲಗಿದ್ದು, ಹೊರಗೆ ನಿಂತ ತಮ್ಮ ತಾಯಿಯ ಬಳೆ ಸದ್ದನ್ನಷ್ಟೇ ಕೇಳುತ್ತಿದ್ದುದು. ಒಬ್ಬ ತಾಯಿ, ಮಗಳೂ ಅದುವರೆಗೆ ಕೇಳಿರದ ಕಥೆ ಹೇಳಿ ಮುಗಿಸಿ, ‘ಆಗ ಒಬ್ರು ಕೈ ಹಿಡಕೊಂಡಿದ್ರ ಸಾಕಾಗಿತ್ತು’ ಎಂದರು. ಆಮೇಲೆ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ. ಇದನ್ನು ಗಿರಾಕಿ ಹಿಡಿಯುವ ಉಪಾಯವೆಂದು ಯಾರಾದರೂ ಅಂದರೆ ನಾನು ಅಲ್ಲಗಳೆಯಲಾರೆ. ಆದರೆ ಆ ಕಥೆಯಿಂದ ನನಗೆ ಕೆಲಸಕ್ಕೆ ಬೇಕಾದ ಸಂಗತಿಗಳೂ ಸಿಗುತ್ತವೆ. ತಾಯಿಗೆ ಯಾವುದರ ಭಯವಿದೆಯೋ ಹೆರಿಗೆಯ ಹೊತ್ತಿಗೆ ಮಗಳ ಮುಖದಲ್ಲಿಯೂ ಅದೇ ಕಾಣುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಎಲ್ಲ ಮನೆಗಳಲ್ಲೂ ಬರುವ ಇನ್ನೊಂದು ಪ್ರಶ್ನೆ, ‘ನೀವಿದ್ರೆ ನಾರ್ಮಲ್ ಗ್ಯಾರಂಟಿನಾ?’ ಎಂಬುದು. ಸಾಮಾನ್ಯವಾಗಿ ಇದನ್ನು ಕೇಳುವವರು ಗಂಡಸರು, ಅದೂ ಹಣದ ಮಾತು ಬಂದ ಮೇಲೆ. ಮೊದಮೊದಲು ನಾನು ಸಂಶೋಧನೆಯ ಮಾತು ತೆಗೆಯುತ್ತಿದ್ದೆ. ಸಂಶೋಧನೆ ಇಲ್ಲವೆಂದಲ್ಲ: ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2017ರ ಸಮೀಕ್ಷೆ 17 ದೇಶಗಳ 26 ಅಧ್ಯಯನಗಳನ್ನು, 15,858 ಹೆಂಗಸರ ವಿವರಗಳನ್ನು ಒಟ್ಟುಗೂಡಿಸಿ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ಸಿಸೇರಿಯನ್ ಕಡಿಮೆಯಾಗುವುದನ್ನು, ನೋವಿನ ಅವಧಿ ಸರಾಸರಿ ನಲವತ್ತು ನಿಮಿಷದಷ್ಟು ಕಿರಿದಾಗುವುದನ್ನು ತೋರಿಸಿದೆ. ಆದರೆ ಸಾವಿರಾರು ಹೆಂಗಸರ ಸರಾಸರಿ ಎದುರಿಗೆ ಕೂತ ಒಬ್ಬ ಹುಡುಗಿಗೆ ಕೊಡುವ ಭರವಸೆಯಾಗುವುದಿಲ್ಲ. ಒಂದು ಮನೆಯಲ್ಲಿ ನಾನು ಈ ಅಂಕಿಗಳನ್ನು ಹೇಳಿದ್ದನ್ನೇ ಗ್ಯಾರಂಟಿ ಎಂದು ಹಿಡಿದುಕೊಂಡು, ಮಗುವಿನ ಎದೆಬಡಿತ ಇಳಿದು ಆಪರೇಷನ್ ಆದ ಮೇಲೆ ಹುಡುಗಿಯ ತಂದೆ ಕಾರಿಡಾರಿನಲ್ಲಿಯೇ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅಂದಿನಿಂದ ಗ್ಯಾರಂಟಿ ಎಂಬ ಪದ ಬಂದ ಕೂಡಲೇ ‘ಇಲ್ಲ’ ಎನ್ನುತ್ತೇನೆ, ಆಪರೇಷನ್ ಆದರೂ ಅವಳ ಜೊತೆ ಇರುತ್ತೇನೆ ಎನ್ನುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ. ಇದರಿಂದ ಎರಡು ಮನೆಗಳು ಕೈಬಿಟ್ಟವು. ಕೈಬಿಟ್ಟದ್ದೇ ಒಳ್ಳೆಯದಾಯಿತು.

ಬರವಣಿಗೆಯ ಒಪ್ಪಂದ ಬೇಕೆಂದು ಅನ್ನಿಸಿದ್ದು ಆ ಕಾರಿಡಾರಿನ ರಾತ್ರಿಯ ನಂತರ. ವಕೀಲರೊಬ್ಬರಿಂದ ಮೂರು ಪುಟದ ಕರಾರು ಬರೆಸಿ, ಗಟ್ಟಿಯಾಗಿರಲಿ ಎಂದು ಛಾಪಾ ಕಾಗದದ ಮೇಲೆ ಟೈಪು ಮಾಡಿಸಿಕೊಂಡು ಒಂದು ಮನೆಗೆ ಹೋದೆ. ಆ ಮನೆಯ ಯಜಮಾನರು ಅಡಿಕೆ ವ್ಯಾಪಾರದವರು. ಕಾಗದದ ಮೇಲಿನ ಮುದ್ರೆ ಕಂಡದ್ದೇ ತಡ, ಅದನ್ನು ಟೀಪಾಯಿಯ ಮೇಲೆ ಹಿಂದಕ್ಕೆ ಸರಿಸಿ, ‘ಹೊಲ ಬರೆದುಕೊಡಾಕ, ಸಾಲ ತಗೋಳಾಕ ಬಾಂಡ್ ಪೇಪರ್ ಮಾಡಿಸ್ತಾರ್ರೀ. ಮಗಳ ಹೆರಿಗೆಗೆ ಯಾರ್ ಮಾಡಿಸ್ತಾರ?’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆ ಮನೆಯ ಕೆಲಸ ಸಿಗಲಿಲ್ಲ. ಅದೇ ವಾರ ಕೂತು ಬಿಳಿ ಹಾಳೆಯ ಮೇಲೆ, ಅಗಲವಾದ ಅಕ್ಷರಗಳಲ್ಲಿ, ಓದು ಕಡಿಮೆಯಿದ್ದವರಿಗೂ ತಿಳಿಯುವ ಕನ್ನಡದಲ್ಲಿ ಒಂದೇ ಪುಟದ ಒಪ್ಪಿಗೆ ಪತ್ರ ಬರೆದೆ. ಅದನ್ನು ನಾನು ಕೊಟ್ಟು ಬರುವುದಿಲ್ಲ. ಎದುರಿಗೆ ಕೂತು ಗಟ್ಟಿಯಾಗಿ ಓದುತ್ತೇನೆ. ಮೇಷ್ಟ್ರಗಿರಿ ಮಾಡಿದ್ದು ಉಪಯೋಗಕ್ಕೆ ಬಂದದ್ದು ಅಲ್ಲಿ.

ಆ ಪತ್ರದಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಹಣದ ಸಾಲುಗಳು. ಸೂಲಗಿತ್ತಿಗೆ ಹೆರಿಗೆಯಾದ ಮೇಲೆ ಮೊರದಲ್ಲಿ ಜೋಳ, ತೆಂಗಿನಕಾಯಿ, ಸೀರೆ ಕೊಟ್ಟು ಕಳಿಸುವ ಪದ್ಧತಿಯನ್ನು ಕಂಡ ಮನೆಗಳವರು, ‘ಮಗು ಆಗ್ಲಿ ಬಿಡವಾ, ಸೀರೆ ಉಡಿಸಿ ಕೈತುಂಬ ಕೊಡ್ತೀವಿ’ ಎನ್ನುತ್ತಾರೆ. ಪ್ರೀತಿಯ ಮಾತೇ. ಆದರೆ ಹಸಿ ಬಾಣಂತಿಯ ಮನೆಗೆ ಹೋಗಿ ಬಾಕಿ ಕೇಳುವ ಬಾಯಿ ನನಗಿಲ್ಲ. ಆಗಬಾರದ್ದು ಆದ ಮನೆಯಲ್ಲಂತೂ ಯಾರಿಗೂ ಇರುವುದಿಲ್ಲ. ಆದ್ದರಿಂದ ಸಹಿಯ ದಿನ ಅರ್ಧ, 37 ವಾರ ತುಂಬುವುದರೊಳಗೆ ಉಳಿದರ್ಧ ಎಂದು ಬರೆದೆ. ಈಗ ನಾನು ಪಡೆಯುವುದು ಒಟ್ಟು 14,000. ನನ್ನಿಂದಲೇ ತಪ್ಪಾಗಿ, ನನ್ನ ಬದಲಿಗೆ ಬರಬೇಕಾದವರೂ ಬರದಿದ್ದರೆ ಪೂರ್ತಿ ವಾಪಸು. ನಾನು ತಲುಪುವ ಮೊದಲೇ ಮಗು ಹುಟ್ಟಿಬಿಟ್ಟರೆ ವಾಪಸಿಲ್ಲ, ಬದಲಿಗೆ ಬಾಣಂತನದಲ್ಲಿ ಎರಡು ಭೇಟಿ ಹೆಚ್ಚು; ಎದೆಹಾಲಿನ ತೊಂದರೆ ಶುರುವಾಗುವುದೇ ಮನೆಗೆ ಬಂದ ಮೇಲಾದ್ದರಿಂದ ಈ ಕರಾರಿಗೆ ಯಾರೂ ತಕರಾರು ಮಾಡಿಲ್ಲ. ಆಸ್ಪತ್ರೆಯವರು ಒಳಗೆ ಬಿಡದಿದ್ದರೆ ಅರ್ಧ ವಾಪಸು.

ಈ ಕೊನೆಯ ಸಾಲಿನ ಹಿಂದೆ ಒಂದು ರಾತ್ರಿಯಿದೆ. ಇನ್ನೂ ಪತ್ರ ಗಿತ್ರ ಏನೂ ಇಲ್ಲದ ಕಾಲ. ರಾತ್ರಿ ಒಂದೂವರೆಗೆ ಫೋನು ಬಂತು, ನಿಜಲಿಂಗಪ್ಪ ಬಡಾವಣೆಯಿಂದ ಸ್ಕೂಟರಿನಲ್ಲಿ ಹೋದೆ. ಅದೊಂದು ಖಾಸಗಿ ನರ್ಸಿಂಗ್ ಹೋಂ. ಲೇಬರ್ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ತಡೆದು, ಪೇಷಂಟ್ ಕಡೆಯವರು ಒಬ್ಬರೇ ಎಂದರು. ಒಳಗೆ ಹುಡುಗಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ, ಹೊರಗೆ ಅವಳ ತಾಯಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. ಒಬ್ಬರೇ ಎಂದರೆ ಯಾರು ಹೋಗಬೇಕು? ತಾಯಿ ಹೋದರು, ಹೋಗಬೇಕಾದದ್ದೂ ಅವರೇ. ಬೆಳಿಗ್ಗೆ ಏಳು ಗಂಟೆಯವರೆಗೆ ನಾನು ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ, ಬಿಸಿನೀರಿನ ಚೀಲವನ್ನೂ ಎಣ್ಣೆಯ ಬಾಟಲಿಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಡುವೆ ಒಮ್ಮೆ ಹೊರಗೆ ಬಂದ ಆ ತಾಯಿ, ಬೆವರು ಒರೆಸಿಕೊಳ್ಳುತ್ತ, ‘ನೀನಿದ್ದೂ ಏನು ಉಪಯೋಗ ಆತವಾ?’ ಎಂದರು. ಬೈಗುಳವಾಗಿದ್ದರೆ ಮರೆತುಬಿಡಬಹುದಾಗಿತ್ತು, ಅವರು ನಿಜವಾಗಿಯೂ ಕೇಳಿದ್ದರು. ಮೂರನೆಯ ದಿನ ಹಣ ಹಿಂದಿರುಗಿಸಿದೆ.

ತಪ್ಪು ಆಸ್ಪತ್ರೆಯದಲ್ಲ, ನನ್ನದು. ಮುಂಚಿತವಾಗಿ ಯಾರನ್ನೂ ಕೇಳಿರಲಿಲ್ಲ. ಒಂದೇ ಕೋಣೆಯಲ್ಲಿ ಮೂರು ಮಂಚ, ನಡುವೆ ಬರೀ ಪರದೆ ಇರುವಲ್ಲಿ, ಒಬ್ಬೊಬ್ಬರ ಕಡೆಯಿಂದ ಇಬ್ಬಿಬ್ಬರು ಬಂದರೆ ಮಿಕ್ಕ ಹೆಂಗಸರ ಮಾನ ಮರ್ಯಾದೆಯ ಗತಿಯೇನು ಎಂದು ಅಲ್ಲಿನ ವೈದ್ಯೆ ಆಮೇಲೆ ಕೇಳಿದಾಗ ನಾನು ಒಪ್ಪಲೇಬೇಕಾಯಿತು. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಒಬ್ಬ ಸಂಗಾತಿಯನ್ನು ಬಿಡಬಹುದೆಂದು ಹೇಳಿದೆ. ಆದರೆ ಅದು ಹೇಳುವುದು ಹೆಣ್ಣು ಸಂಬಂಧಿಕಳ ಬಗ್ಗೆ, ಆದಷ್ಟೂ ಹೆರಿಗೆಯ ಅನುಭವವಿರುವವಳ ಬಗ್ಗೆ. ಮರೆ ಇರುವ ಕಡೆ ಗಂಡನೂ ಬರಬಹುದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರುವವಳು ತಾನೇ ಆರಿಸಿಕೊಂಡ ಸಂಗಾತಿ ಇರಬೇಕೆಂದು ಶಿಫಾರಸು ಮಾಡಿತು. ಈ ಎರಡರ ಮುದ್ರಿತ ಪ್ರತಿಗಳನ್ನು ನಾನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಆದರೆ ವೈದ್ಯರ ಮುಂದೆ ಬಿಚ್ಚುವುದಿಲ್ಲ. ಕಾಗದ ತೋರಿಸಿ ಒಳಗೆ ಹೋದವಳನ್ನು ಆ ಕೋಣೆಯಲ್ಲಿ ಯಾರೂ ನಂಬುವುದಿಲ್ಲ.

ಈಗ ಸಹಿಗೆ ಮುಂಚೆಯೇ ಹುಡುಗಿಯ ತಿಂಗಳ ತಪಾಸಣೆಯ ದಿನ ಅವಳ ಜೊತೆ ಓಪಿಡಿಗೆ ಹೋಗಿ, ತಾಯಿ ಕಾರ್ಡು ಹಿಡಿದವರ ಸಾಲಿನಲ್ಲಿ ಕೂತು, ನಮ್ಮ ಸರದಿ ಬಂದಾಗ ಎರಡೇ ನಿಮಿಷ ಕೇಳುತ್ತೇನೆ. ವೈದ್ಯರ ನಿಜವಾದ ಆತಂಕ ಏನೆಂಬುದನ್ನು ಒಬ್ಬರು ಬಾಯಿಬಿಟ್ಟು ಹೇಳಿದರು: ‘ನಾನು ಆಪರೇಷನ್ ಅಂದಾಗ ನೀವು ಬೇಡ ಅಂತ ಅವರ ಕಿವಿ ಕಚ್ತೀರೇನು?’ ಇಲ್ಲ, ಅದು ನಿಮ್ಮ ಮತ್ತು ಅವಳ ನಡುವಿನ ಮಾತು. ತುರ್ತಿಲ್ಲದಿದ್ದರೆ ಅವಳು ನಿಮ್ಮನ್ನು ಪ್ರಶ್ನೆ ಕೇಳಲು ಐದು ನಿಮಿಷ ಕೊಡಿ, ಅಷ್ಟೇ ಎಂದೆ. ಒಂದು ಹೆರಿಗೆ ನೋಡೋಣ ಎಂದರು. ಅವರ ಲೇಬರ್ ವಾರ್ಡಿನ ಹಿರಿಯ ಸಿಸ್ಟರ್ ಆ ರಾತ್ರಿ ಇನ್ನಿಬ್ಬರು ಹೆರುವವರನ್ನು ಒಬ್ಬರೇ ನೋಡಿಕೊಳ್ಳಬೇಕಾಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ತಮ್ಮ ಫ್ಲಾಸ್ಕಿನಿಂದ ನನಗೂ ಅರ್ಧ ಲೋಟ ಟೀ ಬಗ್ಗಿಸಿದರು. ನಾಲ್ಕು ಹೆರಿಗೆಗಳಾದ ಮೇಲೆ ಅದೇ ವೈದ್ಯೆ ಹೆದರುವ ಹುಡುಗಿಯರಿಗೆ ತಾವಾಗಿಯೇ ನನ್ನ ನಂಬರು ಕೊಡತೊಡಗಿದರು. ಬಿಡುವುದೇ ಇಲ್ಲ ಎಂದ ಆಸ್ಪತ್ರೆಗಳೂ ಇವೆ. ಅಂಥ ಕಡೆ ಹೆಸರು ನೋಂದಾಯಿಸಿದವರಿಗೆ, ಹೆರಿಗೆಗೆ ಮುಂಚಿನ ತಯಾರಿಯನ್ನೂ ನಂತರದ ಭೇಟಿಯನ್ನೂ ಮಾತ್ರ ಒಪ್ಪಿಕೊಳ್ಳುತ್ತೇನೆ, ಹಣವೂ ಅದಕ್ಕೆ ತಕ್ಕಷ್ಟೇ.

ಕೆಲವು ಮನೆಗಳನ್ನು ನಾನೇ ಒಪ್ಪಿಕೊಳ್ಳಲಿಲ್ಲ. ಆಸ್ಪತ್ರೆಯ ಸಹವಾಸವೇ ಬೇಡ, ಮನೆಯಲ್ಲೇ ಮಾಡಿಸಿ ಎಂದವರಿಗೆ ಕೈ ಮುಗಿದೆ. ಒಂದು ಮನೆಯಲ್ಲಿ ಎಲ್ಲವೂ ಮುಗಿದು, ಪೆನ್ನಿನ ಮುಚ್ಚಳ ತೆಗೆದ ಮೇಲೆ ಅತ್ತೆಯವರು ದನಿ ತಗ್ಗಿಸಿ, ‘ನಿಮಗೆ ಸ್ಕ್ಯಾನಿಂಗಿನವರ ಪರಿಚಯ ಇರುತ್ತಲ್ಲ, ಗಂಡೋ ಹೆಣ್ಣೋ ಒಂದು ಮಾತು ತಿಳಿಸಿದ್ರೆ’ ಎಂದರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯ ಮಾತು ಎತ್ತದೆ, ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಆ ಹುಡುಗಿ ಬಾಗಿಲವರೆಗೆ ಬಂದು ನಿಂತಿದ್ದಳು. ಎದ್ದು ಬಂದದ್ದು ಸರಿಯೋ ತಪ್ಪೋ ಎಂದು ಇಂದಿಗೂ ಒಮ್ಮೊಮ್ಮೆ ಅನ್ನಿಸುತ್ತದೆ, ಏಕೆಂದರೆ ಜೊತೆಗಾರ್ತಿ ಬೇಕಾಗಿದ್ದುದು ಅವಳಿಗೆ.

ಕಳೆದ ವರ್ಷದ ಒಂದು ಸಹಿಯನ್ನು ಹೇಳಬೇಕು. ಮಂಡಕ್ಕಿ ಭಟ್ಟಿ ನಡೆಸುವ ಕುಟುಂಬ. ಹುಡುಗಿ ಪುಣೆಯಲ್ಲಿದ್ದಳು, 30ನೆಯ ವಾರಕ್ಕೆ ಬಂದಿದ್ದಳು. ಭಟ್ಟಿಯ ಲೆಕ್ಕವೆಲ್ಲ ತಾಯಿಯದೇ. ನಾನು ಹಾಳೆ ಓದಲು ಶುರುಮಾಡಿದಾಗ ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಭತ್ತದ ಚೀಲದ ಚೀಟಿ ನೋಡುವವರ ಹಾಗೆ ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ತಾವೇ ಓದಿದರು. ಬೆರಳು, 38 ವಾರ ತುಂಬಿದಾಗಿನಿಂದ 42ರವರೆಗೆ ಹಗಲು ರಾತ್ರಿ ಫೋನು ತೆರೆದಿರುತ್ತದೆ ಎಂಬಲ್ಲಿ ನಿಂತಿತು. ‘ಒಂದೇ ರಾತ್ರಿ ಇಬ್ಬರಿಗೆ ನೋವು ಬಂದ್ರ?’ ತಿಂಗಳಿಗೆ ಇಬ್ಬರಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ, ಹರಿಹರದಲ್ಲಿ ನನ್ನಂತೆಯೇ ತರಬೇತಿ ಪಡೆದವರೊಬ್ಬರಿದ್ದಾರೆ, ಅವರನ್ನು ಮುಂದಿನ ವಾರ ಕರೆತಂದು ಮುಖ ತೋರಿಸುತ್ತೇನೆ ಎಂದೆ. ‘ಹರಿಹರದಿಂದ ಬರಾಕ ಎಷ್ಟೊತ್ತು?’ ರಾತ್ರಿಯಾದರೆ ಅರ್ಧ ಗಂಟೆ. ‘ನಮ್ಮ ಬೀದಿ ಹುಡುಕಾಕ ಕಾಲು ಗಂಟೆ ಸೇರಿಸು’ ಎಂದು ಮುಂದಕ್ಕೆ ಓದಿದರು. ಯಾವ ವಕೀಲರೂ ನನ್ನನ್ನು ಅಷ್ಟು ಚೆನ್ನಾಗಿ ಪರೀಕ್ಷಿಸಿರಲಿಲ್ಲ.

ಪೂರ್ತಿ ಓದಿದ ಮೇಲೆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಆ ಹಳೆಯ ಪ್ರಶ್ನೆ ಬರುತ್ತದೆಂದು ನಾನು ಕಾಯುತ್ತಿದ್ದೆ. ಬಂದದ್ದು ಬೇರೆ. ‘ಒಳಗ ಒಬ್ಬರನ್ನೇ ಬಿಡ್ತಾರ ಅಂದ್ಯಲ್ಲ, ಅದು ಇದರಾಗ ಇಲ್ಲ. ಬರಿ’ ಎಂದರು. ಏನು ಬರೆಯಲಿ ಅಮ್ಮ ಎಂದು ಕೇಳಿದೆ. ಮಗಳ ಕಡೆ ಒಮ್ಮೆ ನೋಡಿ, ‘ಆ ಹೊತ್ತಿನಾಗ ಆಕಿ ಯಾರನ್ನ ಕರೀತಾಳೋ ಅವರು ಹೋಗಬೇಕು. ನನ್ನನ್ನ ಕರದ್ರ ನೀನು ಸಿಟ್ಟಾಗಬಾರದು, ನಿನ್ನನ್ನ ಕರದ್ರ ನಾನು ಸಿಟ್ಟಾಗಬಾರದು’ ಎಂದರು. ಹಾಳೆಯ ಅಡಿಯಲ್ಲಿ ಉಳಿದಿದ್ದ ಜಾಗದಲ್ಲಿ ಕೈಬರಹದಲ್ಲಿ ಅದನ್ನೇ ಬರೆದೆ. ಈಗ ಅಚ್ಚು ಹಾಕಿಸುವ ಪ್ರತಿ ಹಾಳೆಯಲ್ಲಿಯೂ ಆ ಸಾಲಿದೆ, ಸಿಟ್ಟಿನ ಮಾತೂ ಸೇರಿ.

ಮಗಳು ಸಹಿ ಮಾಡಿದಳು, ನಾನು ಮಾಡಿದೆ. ತಾಯಿಯ ಸಹಿಗೆ ಹಾಳೆಯಲ್ಲಿ ಜಾಗವಿರಲಿಲ್ಲ. ಅವರು ಪೆನ್ನು ತೆಗೆದುಕೊಂಡು ಮಗಳ ಹೆಸರಿನ ಕೆಳಗೆ ತಮ್ಮದನ್ನೂ ಬರೆದು, ಎದ್ದು ಒಳಗೆ ಹೋದರು. ಎಲೆ ಅಡಿಕೆ, ರವಿಕೆಯ ಕಣ, ಅದರ ಮೇಲೆ ಎಣಿಸಿದ ಏಳು ಸಾವಿರ ಇಟ್ಟ ತಟ್ಟೆ ತಂದು ಕೈಗೆ ಕೊಟ್ಟರು. ನಾನು ಚಪ್ಪಲಿ ಮೆಟ್ಟುವಾಗ ಒಂದು ದೊಡ್ಡ ಚೀಲ ಮಂಡಕ್ಕಿಯನ್ನು ಸ್ಕೂಟರಿನ ಮುಂದೆ ಇಡಿಸಿ, ಗೇಟಿನ ಚಿಲಕವನ್ನು ಎರಡು ಬಾರಿ ಎತ್ತಿ ಇಳಿಸಿ ತೋರಿಸಿದರು.

‘ಇದು ಬಿಗಿ ಐತಿ, ಒಂಚೂರು ಮ್ಯಾಲೆತ್ತಿ ಎಳಿಬೇಕು. ಮುಂದಿನ ತಿಂಗಳಿಂದ ರಾತ್ರಿ ಬೀಗ ಹಾಕಂಗಿಲ್ಲ.’